ಎಡ ರೆಕ್ಕೆ

“ಗುರುಗಳೇ, ಜನ ನೋಡಲೆಂದೇ ವೇಷ ಕಟ್ಟಿದವನನ್ನು ಮುಟ್ಟಿದರೆ ತಪ್ಪೇ?” ಎಂದು ಶಿಷ್ಯ ಕೇಳಿದ.

ಅವನು ಪೇಟೆಯ ವೇಷದ ಕೂಟಕ್ಕೆ ಹೋಗಿ ಬಂದಿದ್ದ. ಅಲ್ಲಿ ಕರಡಿಯ ವೇಷದವನೊಬ್ಬನನ್ನು ಕಂಡು ಖುಷಿ ತಡೆಯಲಾರದೆ ಓಡಿಹೋಗಿ ತಬ್ಬಿಕೊಂಡಿದ್ದ. ಕರಡಿ ಮುಖವಾಡದೊಳಗೆ ಏನೋ ಗೊಣಗಿತು. ಇವನು ನಕ್ಕು ಇನ್ನೂ ಬಿಗಿಯಾಗಿ ಹಿಡಿದ. ಕರಡಿ ಇವನನ್ನು ದೂಡಿ ಹೊರಟುಹೋಯಿತು. ಪ್ರೀತಿಯಿಂದ ಹೋದವನ ಮೇಲೆ ಇದೆಂಥ ಸಿಡುಕು ಎಂಬುದು ಅವನ ಕೊರಗು.

ಗುರು ಹೇಳಿದರು.

ಒಂದು ಸೀಮೆಯ ಜನ ಒಂದು ಕತೆಯನ್ನು ಬಹಳ ಹಚ್ಚಿಕೊಂಡಿದ್ದರು. ಬೆಂಕಿ ಬಿದ್ದಾಗ ಕೂಗಿ ಕೂಗಿ ಊರನ್ನು ಎಬ್ಬಿಸಿ ಉಳಿಸಿದ ಹಕ್ಕಿಯ ಕತೆ ಅದು. ಕೊನೆಗೆ ಆ ಹಕ್ಕಿಯ ಗರಿಗಳನ್ನು ಒಬ್ಬ ಬೇಟೆಗಾರ ಕಿತ್ತುಹಾಕುತ್ತಾನೆ. ವರ್ಷಕ್ಕೊಮ್ಮೆ ಜನ ಆ ಕತೆಯ ವೇಷಗಳನ್ನು ತೊಟ್ಟು ಬಯಲಿನಲ್ಲಿ ಕೂಡುತ್ತಿದ್ದರು. ಯಾರು ಯಾವ ವೇಷವನ್ನಾದರೂ ತೊಡಬಹುದಿತ್ತು. ಕಟ್ಟಳೆ ಒಂದೇ. ವೇಷದವನ ಹತ್ತಿರ ಹೋಗುವ ಮುಂಚೆ ಅವನನ್ನು ಕೇಳಬೇಕು. ಅದು ಎಲ್ಲರಿಗೂ ಗೊತ್ತಿತ್ತು. ಗೊತ್ತಿರುವುದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಬುಟ್ಟಿ ಹೆಣೆಯುವವನೊಬ್ಬ ಹಕ್ಕಿಯ ವೇಷ ಕಟ್ಟಲು ಹೊರಟ. ಆಸೆ ಅವನದಲ್ಲ, ಹೆಂಡತಿಯದು. ಅವನು ಬಿದಿರು ಸೀಳಿ ಎರಡು ರೆಕ್ಕೆಗಳಿಗೆ ಚೌಕಟ್ಟು ಮಾಡಿಕೊಟ್ಟ. ಅವಳು ಕೆರೆಯ ದಂಡೆಯಲ್ಲಿ ಉದುರಿದ ಗರಿಗಳನ್ನು ಆಯ್ದು ತಂದು, ತೊಳೆದು ಒಣಗಿಸಿ, ಎಡ ರೆಕ್ಕೆಯನ್ನು ಹೊಲಿದಳು. ಗರಿಯ ಮೇಲೆ ಗರಿ ಮಲಗಿತ್ತು. ದಾರ ಎಲ್ಲಿಯೂ ಕಾಣುತ್ತಿರಲಿಲ್ಲ. ಬಲ ರೆಕ್ಕೆಗೆ ಕೈ ಹಾಕುವ ಮುಂಚೆ ಜ್ವರ ಬಂತು. ತೀರಿಕೊಂಡಳು.

ಬಲ ರೆಕ್ಕೆಯನ್ನು ಅವನೇ ಹೊಲಿದ. ಬಿದಿರು ಬಗ್ಗಿಸುವ ಕೈ ಅದು. ಗರಿಗಳು ಸೊಟ್ಟಗೆ ನಿಂತವು. ಅವಳ ಕೈಯ ಕೆಲಸವೆಂದು ಮನೆಯಲ್ಲಿ ಉಳಿದದ್ದು ಎಡ ರೆಕ್ಕೆ ಒಂದೇ. ನಾಲ್ಕು ಜನ ಅದನ್ನು ನೋಡಲಿ, ಆಮೇಲೆ ತಂದು ಅಟ್ಟದ ಮೇಲೆ ಜೋಪಾನವಾಗಿ ಇಡುತ್ತೇನೆ ಎಂದುಕೊಂಡು ಅವನು ಬಯಲಿಗೆ ಹೋದ.

ಹಕ್ಕಿಯ ವೇಷ ತೊಟ್ಟವನ ಕೈಗಳು ರೆಕ್ಕೆಗಳಿಗೆ ಕಟ್ಟಿರುತ್ತವೆ. ಬಾಯಿಯ ಮೇಲೆ ಮರದ ಕೊಕ್ಕು. ಅದರ ಗಂಟು ತಲೆಯ ಹಿಂದೆ. ಅದನ್ನು ಬೇರೆಯವರೇ ಬಿಚ್ಚಬೇಕು.

ಹಕ್ಕಿಯನ್ನು ಕಂಡು ಜನ ಕೈಮುಗಿದರು. ಮೊದಲು ಒಬ್ಬ ಮುದುಕಿ ಬಂದಳು. ಎಡ ರೆಕ್ಕೆಯ ಒಂದು ಗರಿ ಕಿತ್ತು ಕಣ್ಣಿಗೆ ಒತ್ತಿಕೊಂಡಳು. ದೇವರ ಗೂಡಿನಲ್ಲಿಡುತ್ತೇನೆ ಎಂದಳು. ಒಬ್ಬ ವ್ಯಾಪಾರಿ ತನ್ನ ಮಗಳಿಗೆಂದು ಒಂದು ಕಿತ್ತ. ಒಂದು ಗರಿ ತಾನೇ ಎಂದು ಹಿಂದಿನವರಿಗೆ ಹೇಳಿದ. ಹಿಂದಿನವರೂ ತಮ್ಮ ಹಿಂದಿನವರಿಗೆ ಅದನ್ನೇ ಹೇಳಿದರು. ಬಲ ರೆಕ್ಕೆಯ ಸೊಟ್ಟ ಗರಿಗಳು ಯಾರಿಗೂ ಬೇಕಾಗಲಿಲ್ಲ.

ಅವನು ಬೇಡ ಎಂದ. ಕೊಕ್ಕಿನೊಳಗೆ ಅದು ಹಕ್ಕಿಯ ಕೂಗಿನಂತೆ ಕೇಳಿಸಿತು. ಜನ ಚಪ್ಪಾಳೆ ತಟ್ಟಿದರು. ಅವನು ಗಂಟಲು ಹರಿಯುವಂತೆ ಬೇಡ ಎಂದ. ಎಷ್ಟು ಚೆನ್ನಾಗಿ ಕೂಗುತ್ತಾನೆ ಎಂದು ದೂರದಲ್ಲಿದ್ದವರೂ ಓಡಿಬಂದರು. ಅವನು ಎಡ ಮಗ್ಗುಲನ್ನು ಒಂದು ಮರಕ್ಕೆ ಒತ್ತಿ ನಿಂತ. ಮರದ ಹಿಂದಿನಿಂದ ಕೈಗಳು ಬಂದವು.

ಅದೇ ಬಯಲಿನಲ್ಲಿ ಒಬ್ಬ ಕುಂಬಾರ ಬೇಟೆಗಾರನ ವೇಷ ತೊಟ್ಟಿದ್ದ. ಯಾರಿಗೂ ತಗಲದಿರಲೆಂದು ಬಾಣದ ಮೊನೆಗಳಿಗೆ ಬಟ್ಟೆ ಸುತ್ತಿದ್ದ. ಬೆಳಗಿನಿಂದ ಮಕ್ಕಳು ಅವನಿಗೆ ಮಣ್ಣೆರಚಿದ್ದರು. ದೊಡ್ಡವರು ಉಗಿದಿದ್ದರು. ಅವನು ಹಕ್ಕಿಯ ಸುತ್ತಲಿನ ಗುಂಪನ್ನು ಬಿಡಿಸಿಕೊಂಡು ಬಂದು, ಬಿಲ್ಲನ್ನು ನೆಲಕ್ಕಿಟ್ಟು, ನಾಲ್ಕು ಹೆಜ್ಜೆ ದೂರದಲ್ಲೇ ನಿಂತ.

“ಅಣ್ಣಾ, ಹತ್ತಿರ ಬರಲೇ?” ಎಂದು ಕೇಳಿದ.

ಹಕ್ಕಿ ಹೂಂ ಎಂಬಂತೆ ತಲೆ ಬಾಗಿಸಿತು. ಬೇಟೆಗಾರ ಹಿಂದೆ ಹೋಗಿ ಕೊಕ್ಕಿನ ಗಂಟು ಬಿಚ್ಚಿದ. ಅಷ್ಟರಲ್ಲಿ ಎಡ ರೆಕ್ಕೆಯಲ್ಲಿ ಬಿದಿರು ಉಳಿದಿತ್ತು, ಹರಿದ ದಾರ ಉಳಿದಿತ್ತು. ಅದು ಅವಳು ಹೊಲಿದದ್ದು ಎಂದಷ್ಟೇ ಬುಟ್ಟಿಯವನು ಹೇಳಿದ.

ಬೇಟೆಗಾರ ಜನರ ನಡುವೆ ಹೋಗಿ, ಗರಿಗಳನ್ನು ಹಿಂದಕ್ಕೆ ಕೊಡಿ ಎಂದು ಒಬ್ಬೊಬ್ಬರನ್ನೂ ಬೇಡಿಕೊಂಡ.

“ಕತೆಯಲ್ಲಿ ಕಿತ್ತವನೇ ನೀನು. ಈಗ ನಮಗೆ ಬುದ್ಧಿ ಹೇಳಲು ಬಂದೆಯಾ ಮಾರಾಯ?” ಎಂದ ವ್ಯಾಪಾರಿ.

ಎಲ್ಲರೂ ನಕ್ಕರು. ಒಂದು ಗರಿಯೂ ಹಿಂದಕ್ಕೆ ಬರಲಿಲ್ಲ.

ಬುಟ್ಟಿಯವನು ಬೋಳು ರೆಕ್ಕೆಯನ್ನು ಮನೆಗೆ ಒಯ್ದ. ಅಟ್ಟದ ಮೇಲೆ ಇಡಲು ಮನಸ್ಸಾಗಲಿಲ್ಲ, ಒಲೆಗೆ ಹಾಕಲೂ ಆಗಲಿಲ್ಲ. ಅದು ಬಾಗಿಲ ಮೂಲೆಯಲ್ಲಿ ನಿಂತು ಗೆದ್ದಲು ಹಿಡಿಯಿತು. ಮರುವರ್ಷ ಹಕ್ಕಿ ಬಯಲಿಗೆ ಬರಲಿಲ್ಲ. ಅದರ ಮರುವರ್ಷವೂ ಬರಲಿಲ್ಲ. ಅಂಥ ಹಕ್ಕಿಯನ್ನು ನಾವು ಮತ್ತೆ ಕಾಣಲಿಲ್ಲವಲ್ಲ ಎಂದು ಜನ ನಿಜವಾಗಿಯೂ ಮರುಗಿದರು. ಗರಿಗಳು ಅವರವರ ದೇವರ ಗೂಡಿನಲ್ಲಿದ್ದವು. ದಿನವೂ ಅವಕ್ಕೆ ಹೂವು ಏರಿಸುತ್ತಿದ್ದರು.

ಗುರು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

“ಅಷ್ಟು ಜನರಲ್ಲಿ ಒಬ್ಬರಿಗಾದರೂ ಅವನು ಏನು ಹೇಳುತ್ತಿದ್ದಾನೆಂದು ಕೇಳಿಸಿಕೊಳ್ಳಬೇಕು ಅನ್ನಿಸಲಿಲ್ಲವೇ?” ಎಂದ.

ಗುರು ಅವನ ಕಡೆ ತಿರುಗಿದರು.

“ಕರಡಿ ನಿನಗೆ ಏನು ಹೇಳಿತು?”