ಪತ್ತಾರ ಮೌನಪ್ಪನ ಏಡಿ

ಯಾವ ಕಾಲ, ಯಾವ ಇಸವಿ ಅಂತ ನಡುವೆ ಬಾಯಿ ಹಾಕಬೇಡಿ, ನನಗೆ ಸಿಟ್ಟು ಬರುತ್ತದೆ. ಬಹಳ ಹಿಂದೆ, ಎರೆಹೊಲದ ಸೀಮೆಯ ಒಂದು ಊರಿನಲ್ಲಿ, ಉಗಿಯಿಂದ ನಡೆಯುವ ಒಂದು ಹತ್ತಿ ಗಿರಣಿ ಇತ್ತು. ಅದೇ ಊರಲ್ಲಿ ಬಂಗಾರದ ಕೆಲಸ ಮಾಡುವ ಒಬ್ಬ ಪತ್ತಾರ ಇದ್ದ. ಹೆಸರು ಮೌನಪ್ಪ. ಹೆಸರಷ್ಟೇ ಮೌನ, ಬಾಯಿ ಮಾತ್ರ ಮುಂಜಾನೆಯಿಂದ ಸಂಜೆತನಕ ಗೊಣಗುತ್ತಲೇ ಇತ್ತಂತೆ.

ಗಿರಣಿಯ ಬಾಯ್ಲರಿನ ಮೇಲೆ ಹಿತ್ತಾಳೆಯ ಒಂದು ಗೇಜು. ಗಡಿಯಾರದ ಹಾಗೆ ದುಂಡು ಮುಖ, ಗಾಜು, ನಡುವೆ ಒಂದು ಮುಳ್ಳು. ಒಳಗೆ ಉಗಿ ಎಷ್ಟು ಒತ್ತುತ್ತಿದೆ ಎಂದು ಆ ಮುಳ್ಳು ಹೇಳಬೇಕು. ಅರವತ್ತರ ಕೆಂಪು ಗೆರೆ ದಾಟಿದರೆ ಬೆಂಕಿ ಇಳಿಸಬೇಕು, ಇಲ್ಲವಾದರೆ ಬಾಯ್ಲರು ಒಡೆದು ಹತ್ತಿರ ಇದ್ದವರು ಉಳಿಯುವುದಿಲ್ಲ. ಆದರೆ ಹತ್ತಿಯ ಧೂಳು ಸೇರಿ ಗೇಜು ಆಗಾಗ ಹಿಡಿದುಕೊಳ್ಳುತ್ತಿತ್ತು. ಅದನ್ನು ಬಿಚ್ಚಿ ತೊಳೆಯಲು ಮೊದಲು ಮುಳ್ಳು ಕೀಳಬೇಕು. ಆ ಮುಳ್ಳೋ, ಸಣ್ಣ ಕಡ್ಡಿಯೊಂದರ ತುದಿಗೆ ಬಿಗಿಯಾಗಿ ಕೂತಿರುತ್ತಿತ್ತು. ಒಬ್ಬ ಚಾಕು ತೂರಿಸುವನು, ಇನ್ನೊಬ್ಬ ಕುಡುಗೋಲಿನ ತುದಿ ತೂರಿಸುವನು. ಮುಳ್ಳು ಸೊಟ್ಟಗಾಗುವುದು, ಕಡ್ಡಿ ಮುರಿಯುವುದು. ಮುರಿದದ್ದನ್ನು ತಂದು ಮೌನಪ್ಪನ ಮುಂದೆ ಸುರಿದು, ಮೂಗುತಿ ಬೆಸೆಯುವ ನಿನಗೆ ಇದೇನು ದೊಡ್ಡದು ಎನ್ನುವರು. ಹೀಗೆ ಒಂದಲ್ಲ, ಎರಡಲ್ಲ.

ಕೊನೆಗೊಂದು ದಿನ ಅವನಿಗೆ ತಲೆ ಕೆಟ್ಟಿತಂತೆ. ಕೈಲಿದ್ದ ಬೋರಮಾಳ ಸರ ಬದಿಗಿಟ್ಟು, ಹೆಬ್ಬೆರಳಷ್ಟು ಉದ್ದದ ಒಂದು ಸಾಮಾನು ಮಾಡಿದನಂತೆ. ಎರಡು ಕೊಕ್ಕೆಗಾಲು, ನಡುವೆ ಒಂದು ತಿರುಪು. ಕಾಲುಗಳು ಮುಳ್ಳಿನ ಬುಡವನ್ನು ಕೆಳಗಿನಿಂದ ಹಿಡಿಯುತ್ತವೆ, ತಿರುಪು ಕಡ್ಡಿಯ ನೆತ್ತಿಯನ್ನು ಒತ್ತುತ್ತದೆ. ಎರಡು ಸುತ್ತು ತಿರುಗಿಸಿದರೆ ಮುಳ್ಳು ನೆಟ್ಟಗೆ ಮೇಲಕ್ಕೆ ಬರುತ್ತದೆ, ಸೊಟ್ಟಗಾಗುವುದಿಲ್ಲ, ಮುರಿಯುವುದಿಲ್ಲ. ಜನ ಅದಕ್ಕೆ ಏಡಿ ಎಂದರು, ಗೇಜು ಬಿಚ್ಚುವವರೆಲ್ಲ ಒಂದೊಂದು ಮಾಡಿಸಿಕೊಂಡರು. ಮಂತ್ರ ಹಾಕಿ ಮಾಡಿದ ಅನ್ನುತ್ತಾರೆ. ಹೆಂಡತಿಯ ಕಾಲುಂಗುರ ಕರಗಿಸಿ ಮಾಡಿದ ಅನ್ನುತ್ತಾರೆ. ಬೆಳ್ಳಿಯ ತಿರುಪು ಎಷ್ಟು ದಿನ ತಡೆಯುತ್ತದೆ? ಉಕ್ಕು ಅದು, ಉಕ್ಕು. ಅನ್ನುವವರ ಬಾಯಿಗೆ ಬಾಗಿಲಿಲ್ಲ, ಅನ್ನಲಿ.

ಅಲ್ಲಿಗೆ ಕಾಟ ತೀರಿತು ಅಂದುಕೊಂಡಿರಾ? ಅಲ್ಲೇ ಶುರುವಾಯಿತು. ಗಿರಣಿಯ ಮಾಲಕ ರುದ್ರಗೌಡ. ಮುಳ್ಳು ಮುರಿಯದೆ ಬರುತ್ತದೆ ಅಂದಮೇಲೆ ಬೇಕಾದ ಕಡೆ ಕೂಡಿಸಲೂ ಬರುತ್ತದೆ ಎಂದು ಆ ಪುಣ್ಯಾತ್ಮನಿಗೆ ಹೊಳೆಯಿತು. ಸುಗ್ಗಿಯ ಹತ್ತಿ ಅಂಗಳದ ತುಂಬ ಬಿದ್ದಿತ್ತು, ಗಿರಣಿ ಜೋರಾಗಿ ಓಡಬೇಕಿತ್ತು. ಅವನೂ ಒಂದು ಏಡಿ ತರಿಸಿಕೊಂಡ. ಮುಳ್ಳನ್ನು ಕಿತ್ತು ಇಪ್ಪತ್ತು ಗೆರೆ ಹಿಂದಕ್ಕೆ ಕೂಡಿಸಿದ. ಸೊನ್ನೆಯ ಬಳಿ ಮುಳ್ಳನ್ನು ತಡೆಯುವ ಒಂದು ಮೊಳೆ ಇತ್ತು, ಹಾಗಾಗಿ ಬೆಂಕಿ ಆರಿದಾಗಲೂ ಮೋಸ ಕಾಣುತ್ತಿರಲಿಲ್ಲ. ಉಗಿ ಹೆಚ್ಚಾದಾಗ ತಾನಾಗಿ ತೆರೆಯುವ ಮುಚ್ಚಳಕ್ಕೆ ಕಲ್ಲು ಕಟ್ಟಿಸಿದ. ಇನ್ನು ಉಗಿ ಎಂಬತ್ತಕ್ಕೇರಿದರೂ ಮುಳ್ಳು ಅರವತ್ತೇ ಅನ್ನುತ್ತಿತ್ತು. ಬೆಂಕಿ ಹಾಕುವ ದಾವಲಸಾಬ ಆ ಮುಳ್ಳನ್ನೇ ನಂಬಿ ಕಟ್ಟಿಗೆ ಒಟ್ಟುತ್ತಿದ್ದ.

ದಾವಲಸಾಬ ಮೌನಪ್ಪನ ಗೆಳೆಯ. ಮುಳ್ಳು ಸರಿಯಾಗೇ ನಿಂತಿದೆ, ಬಾಯ್ಲರು ಮಾತ್ರ ನಡುಗುತ್ತದೆ, ಬೆಸುಗೆಯ ಸಂದಿಯಲ್ಲಿ ನೀರು ಒಸರುತ್ತದೆ ಎಂದು ಒಂದು ದಿನ ಅವನ ಮುಂದೆ ಹೇಳಿದ. ಮೌನಪ್ಪ ಹೋಗಿ ನೋಡಿ ತಲೆ ತಲೆ ಬಡಿದುಕೊಂಡನಂತೆ. ಚಾಕುವಿನಿಂದ ಕೀಳುವ ಕಾಲದಲ್ಲಿ ಮುಳ್ಳು ಮುರಿಯುತ್ತಿತ್ತೇ ಹೊರತು ಸುಳ್ಳು ಹೇಳುತ್ತಿರಲಿಲ್ಲ. ಸುಳ್ಳಿಗೆ ದಾರಿ ಮಾಡಿಕೊಟ್ಟದ್ದು ತನ್ನ ಏಡಿಯೇ. ಅವನು ಸರಿ ಮಾಡಿ ಬಂದ. ಗೌಡ ಮತ್ತೆ ಹಿಂದಕ್ಕಿಟ್ಟ. ಇವನು ಸರಿ ಮಾಡಿದ, ಅವನು ಹಿಂದಕ್ಕಿಟ್ಟ. ಏಳು ಸಲ ಅನ್ನುತ್ತಾರೆ, ಹನ್ನೆರಡು ಸಲ ಅನ್ನುತ್ತಾರೆ. ಎಣಿಸಲು ನಾನಿರಲಿಲ್ಲ.

ಕಡೆಗೆ ಮೌನಪ್ಪ ಗೌಡನನ್ನೇ ಕೇಳಿದ. ಬಾಯ್ಲರು ನನ್ನದು, ಮುಳ್ಳು ನನ್ನದು, ಎಲ್ಲಿ ಬೇಕಾದರೂ ಇಟ್ಟುಕೊಳ್ಳುತ್ತೇನೆ ಎಂದ ಗೌಡ.

“ಮುಳ್ಳು ನಿಮ್ಮದರೀ ಗೌಡ್ರ,” ಅಂದನಂತೆ ಮೌನಪ್ಪ. “ಅದನ್ನ ನೋಡಿಕೋತ ಬೆಂಕಿ ಮುಂದ ನಿಂದ್ರಾಂವ ನಿಮ್ಮ ಆಸ್ತಿ ಅಲ್ಲ.”

ಮನೆಗೆ ಬಂದವನು, ಸಾಣೆ ಹಿಡಿದು ಕೊಡುತ್ತೇನೆ ಎಂದು ಊರಿನ ಏಡಿಗಳನ್ನೆಲ್ಲ ತರಿಸಿಕೊಂಡ. ಗೌಡನದೂ ಬಂತು. ಒಂದೊಂದರ ಕಾಲಿಗೂ ಅರದಿಂದ ಉಜ್ಜಿ ಸಣ್ಣದೊಂದು ಹಲ್ಲು ಮಾಡಿದ. ಅಂದಿನಿಂದ ಏಡಿ ಹಿಡಿದಾಗಲೆಲ್ಲ ಮುಳ್ಳಿನ ಬುಡದ ಹಿತ್ತಾಳೆಯಲ್ಲಿ ಒಂದು ಕಚ್ಚು ಬೀಳುತ್ತಿತ್ತು. ದಿನಾ ಬೆಂಕಿ ಹಚ್ಚುವ ಮೊದಲು ಗಾಜಿನೊಳಗೆ ಬಗ್ಗಿ ನೋಡು, ಹೊಸ ಕಚ್ಚು ಕಂಡರೆ ಕಟ್ಟಿಗೆ ಮುಟ್ಟಬೇಡ ಎಂದು ದಾವಲಸಾಬನಿಗೆ ಹೇಳಿಟ್ಟ.

ಮೂರನೆಯ ಮುಂಜಾನೆ ಹೊಸ ಕಚ್ಚು ಕಂಡಿತು. ದಾವಲಸಾಬ ಹೊರಗೆ ಬಂದು ಕೂತ. ಹತ್ತಿ ಆರಿಸುವ ಹೆಂಗಸರೂ ಬಂದು ಕೂತರು. ಗೌಡ ಕೂಗಾಡಿದ, ಎಲ್ಲರೂ ಸೋಮಾರಿಗಳು ಎಂದ, ನಿಮ್ಮ ಹಂಗು ಬೇಡ, ನಾನೇ ಬೆಂಕಿ ಹಾಕುತ್ತೇನೆ ಎಂದ.

“ಹಾಕ್ರಿ,” ಎಂದ ಸುದ್ದಿ ಕೇಳಿ ಬಂದಿದ್ದ ಮೌನಪ್ಪ. “ಅರವತ್ತರ ತನಕಾ ಹಾಕ್ರಿ. ನಾವು ಇಲ್ಲೇ ನಿಂತು ನೋಡತೀವಿ.”

ಗೌಡ ಹಟದಿಂದ ಬೆಂಕಿ ಹಚ್ಚಿದ. ಎಲ್ಲರೂ ಬಾಗಿಲಾಚೆ ನಿಂತು ನೋಡುತ್ತಿದ್ದರು. ಬಹಳ ಹೊತ್ತಿನ ಮೇಲೆ ಮುಳ್ಳು ಹತ್ತಕ್ಕೆ ಬಂತು. ಇಪ್ಪತ್ತಕ್ಕೆ ಬಂತು. ಮೂವತ್ತಕ್ಕೆ ಬಂತು. ನಲವತ್ತಕ್ಕೆ ಬಂದಾಗ ಗೌಡನ ಕೈ ನಿಂತಿತು.

“ಇನ್ನೂ ಇಪ್ಪತ್ತು ಗೆರಿ ಐತಲ್ರೀ,” ಎಂದ ದಾವಲಸಾಬ.

ಗೌಡ ಕೈಲಿದ್ದ ಕಟ್ಟಿಗೆಯನ್ನು ಒಲೆಗೆ ಹಾಕಲಿಲ್ಲ. ಮುಳ್ಳು ನಲವತ್ತು ಅನ್ನುತ್ತಿದ್ದರೂ ಒಳಗೆ ಅರವತ್ತಿದೆ ಎಂದು ಅಲ್ಲಿದ್ದವರಲ್ಲಿ ಖಚಿತವಾಗಿ ಗೊತ್ತಿದ್ದವನು ಅವನೊಬ್ಬನೇ. ಆ ಕಟ್ಟಿಗೆಯನ್ನು ಅವನು ಮೆಲ್ಲಗೆ ಕೆಳಗಿಟ್ಟ. ಬಾಯ್ಲರು ಒಡೆದು ಗೌಡ ಗಾಳಿಗೆ ಹಾರಿಹೋದ ಎಂದು ಕಥೆ ಕಟ್ಟುವವರಿದ್ದಾರೆ. ಏನೂ ಒಡೆಯಲಿಲ್ಲ, ಯಾರೂ ಸಾಯಲಿಲ್ಲ. ಅಷ್ಟನ್ನು ನೆಟ್ಟಗೆ ಹೇಳಲು ಇವರಿಗೇನು ಧಾಡಿಯೋ.

ಮೌನಪ್ಪ ಹೋದ, ಆ ಗಿರಣಿಯೂ ಹೋಯಿತು. ಆದರೆ ಆ ಸೀಮೆಯಲ್ಲಿ ಯಾವ ಬಾಯ್ಲರಿನ ಗೇಜು ರಿಪೇರಿ ಮಾಡಿದರೂ, ಮುಳ್ಳು ಕಿತ್ತು ಕೂಡಿಸಿದವನೇ ಅಂದಿನ ಬೆಂಕಿ ಹಾಕಬೇಕು. ಮುಳ್ಳು ಕೆಂಪು ಗೆರೆ ಮುಟ್ಟುವ ತನಕ ಒಬ್ಬನೇ ಒಳಗೆ ನಿಲ್ಲಬೇಕು, ಉಳಿದವರು ಬಾಗಿಲಾಚೆ ಇರುತ್ತಾರೆ. ಎಲ್ಲ ಸರಿ ಇದೆ ಎಂದು ಎದೆ ತಟ್ಟಿದ ಎಷ್ಟೋ ಮಂದಿ, ಮೊದಲ ಕಟ್ಟಿಗೆ ಕೈಗೆ ಬಂದಮೇಲೆ, ತಡೀರಿ, ಇನ್ನೊಂದು ಸಲ ನೋಡುತ್ತೇನೆ ಎಂದು ಏಡಿ ಹುಡುಕುತ್ತಾರೆ. ಆಗ ಯಾರೂ ನಗುವುದಿಲ್ಲ, ಸುಮ್ಮನೆ ಏಡಿಯನ್ನು ಅವನ ಕೈಗೆ ಕೊಡುತ್ತಾರೆ.