ತೊಳೆದ ಕಲ್ಲು

ಸುಗುಣಮ್ಮ ತಾರಸಿಯ ಮೇಲೆ ಹೊಸದಾಗಿ ಗಾಜಿನ ತೊಟ್ಟಿಯಿಟ್ಟು ಜಿಲೇಬಿ ಮೀನು ಬಿಟ್ಟಿದ್ದಳು. ತೊಟ್ಟಿಯ ನೀರು ಪಂಪಿನಿಂದ ಮೇಲಿನ ಕಲ್ಲು ತುಂಬಿದ ಮಡಿಗೆ ಏರಿ, ಅಲ್ಲಿನ ಪುದೀನದ ಬೇರು ತೊಯ್ಯಿಸಿ, ತಿಳಿಯಾಗಿ ಮತ್ತೆ ತೊಟ್ಟಿಗಿಳಿಯುತ್ತಿತ್ತು. ಮಡಿಯಲ್ಲಿದ್ದ ಒಂದು ಬೆಣಚುಕಲ್ಲಿಗೆ ಗಾಜನ್ನು ಕಂಡರೆ ಹೊಟ್ಟೆಯುರಿ. ಗಾಜನ್ನು ಅವಳು ದಿನವೂ ಸೆರಗಿನಿಂದ ಒರೆಸುತ್ತಿದ್ದಳು; ಕಲ್ಲಿನ ಮೇಲೆ ಕಂದು ಲೋಳೆ ಕೂತಿದ್ದರೂ ಕೇಳುವವರಿರಲಿಲ್ಲ.

ಒಂದು ಬೆಳಿಗ್ಗೆ ಮೀನೊಂದು ಸತ್ತು ತೇಲಿತು. ಸುಗುಣಮ್ಮ ಕಾರಣ ತಿಳಿಯದೆ ನಿಂತಳು.

"ಈ ಲೋಳೆಯದೇ ಕೆಲಸ, ತಾಯಿ," ಎಂದಿತು ಕಲ್ಲು. "ಮೀನಿನ ಹೊಲಸೆಲ್ಲ ಇದರ ಹೊಟ್ಟೆಯಲ್ಲಿದೆ."

"ಅದು ತಿನ್ನುವುದರಿಂದಲೇ ನಾವು ಬದುಕಿರುವುದು," ಎಂದಿತು ಮರಿಮೀನು. "ಲೋಳೆ ಇನ್ನೂ ಎಳೆಯದು, ನಮ್ಮ ಹೊಲಸು ಅದಕ್ಕೆ ಹೆಚ್ಚಾಯಿತು. ನಮಗೆ ಕಾಳು ಕಡಿಮೆ ಹಾಕು, ತಾಯಿ. ಲೋಳೆಯನ್ನು ಮಾತ್ರ ಮುಟ್ಟಬೇಡ."

"ಹೊಲಸಿಗೆ ಹೊಲಸೇ ಸಾಕ್ಷಿ," ಎಂದು ಕಲ್ಲು ನಕ್ಕಿತು.

ಸುಗುಣಮ್ಮ ಕಣ್ಣಿಗೆ ಕಂಡ ಕೊಳೆಯನ್ನೇ ನಂಬಿದಳು. ಕಲ್ಲುಗಳನ್ನೆಲ್ಲ ನಲ್ಲಿಯ ಕೆಳಗೆ ತಿಕ್ಕಿ ತೊಳೆದಳು. ಲೋಳೆ ಬಚ್ಚಲು ಸೇರಿತು. ಆಮೇಲೆ ಮೀನುಗಳು ಒಂದೊಂದಾಗಿ ಮಗುಚಿಕೊಂಡವು. ಕೊನೆಗೆ ಸತ್ತ ಮರಿಮೀನನ್ನೂ ಅವಳು ಬೊಗಸೆಯಲ್ಲಿ ಎತ್ತಿಕೊಂಡು ಮೆಟ್ಟಿಲಿಳಿದಳು.

ಬಿಸಿಲಿಗೆ ಕಲ್ಲು ಥಳಥಳಿಸಿತು. "ಈಗ ಹೇಳು, ಯಾರ ಹೊಳಪು ಹೆಚ್ಚು?" ಎಂದು ಗಾಜನ್ನು ಕೇಳಿತು.

"ನಿನ್ನದೇ, ಮಾರಾಯ," ಎಂದಿತು ಗಾಜು. "ಅವಳು ನನ್ನನ್ನು ಒರೆಸುತ್ತಿದ್ದುದು ಒಳಗಿನ ಮೀನು ಕಾಣಲಿ ಎಂದು."

ಗಾಜಿನ ಮೇಲೆ ಆಗಲೇ ಧೂಳು ಕೂತಿತ್ತು. ಕಲ್ಲು ಸಂಜೆಯವರೆಗೂ ಹೊಳೆಯುತ್ತ ಕಾದಿತು. ನೋಡಲು ತಾರಸಿಗೆ ಯಾರೂ ಬರಲಿಲ್ಲ.