ಐಸಾ ಎನ್ನುವ ಹಕ್ಕು ಯಾರಿಗೆ?

ಡಂಗುರದವನು ರೇವಿನ ಕಟ್ಟೆಯ ಮೇಲೆ ನಿಂತು ಕೂಗಿದ: "ಕೇಳ್ರಪ್ಪೋ ಕೇಳಿ! ಹೊಳೆಬಾಗಿಲಿನ ಒಡೆಯರಾದ ಚೆನ್ನರಸರ ಅಪ್ಪಣೆ! ಹಮಾಲರು ಭಾರ ಎತ್ತುವಾಗ ಕೂಗುವ 'ಐಸಾ' ಎಂಬ ಮಾತಿನ ಮೇಲೆ ಅರಸರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಬೇಡಿದ್ದನ್ನು ಕೊಡುತ್ತಾರೆ. ಒಂದು ತಪ್ಪಿದರೂ ಹುಣ್ಣಿಮೆಯ ದಿನ ತಲೆ ಹೋಗುತ್ತದೆ!"

ಅರಸನಿಗೇಕೆ ಹಮಾಲರ ಮಾತಿನ ಉಸಾಬರಿ ಎಂದು ನೀವು ಕೇಳಬಹುದು. ರೇವಿನವರು ಯಾರೂ ಕೇಳಲಿಲ್ಲ, ಅವರಿಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಅರಸ ಕೋಟೆಯಂಗಳದಲ್ಲಿ ತನ್ನ ಗೆಲುವಿನ ಕಲ್ಲುಕಂಬ ನಿಲ್ಲಿಸಹೊರಟಿದ್ದ. ಕೂಗು ಹಾಕುವುದು ತಾನೇ ಎಂದು ಹಟ ಹಿಡಿದು, ಉಪ್ಪರಿಗೆಯ ಮೇಲಿಂದ 'ಐಸಾ' ಎಂದ. ಹಗ್ಗ ಹಿಡಿದವರ ಉಸಿರು ಇನ್ನೂ ಕೂಡಿರಲಿಲ್ಲ. ಕಂಬ ಉರುಳಿ ಸೂರ ಎಂಬ ಹಮಾಲನ ಮೇಲೆ ಬಿತ್ತು. ಅಂದಿನಿಂದ ಕಲ್ಲು ಅಲ್ಲೇ ಇತ್ತು, ಸೂರನೂ ಅದರಡಿಯಲ್ಲೇ ಇದ್ದ. ಎತ್ತಿ ಎಂದು ಎಷ್ಟು ಹೇಳಿಸಿದರೂ ಹಮಾಲರು ಹಗ್ಗ ಮುಟ್ಟಲಿಲ್ಲ. ಏಕೆಂದು ಕೇಳಿದರೆ ನೆಲ ನೋಡುತ್ತಿದ್ದರು.

ಅರಸನೋ, ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಊಟದ ನಡುವೆ ಎದ್ದು ಕಿಟಕಿಗೆ ಹೋಗಿ ಕಲ್ಲು ನೋಡುತ್ತಿದ್ದ. ಮರಳಿ ಬರುವಷ್ಟರಲ್ಲಿ ಅನ್ನ ಆರಿರುತ್ತಿತ್ತು. ಆ ಮಾತು ಯಾರದ್ದೆಂದು ಗೊತ್ತಾದರೆ ತಪ್ಪೂ ಅವರದ್ದೇ ಆದೀತು ಎಂಬ ಆಸೆ ಅವನಿಗಿತ್ತೋ ಏನೋ. ದೊಡ್ಡವರ ಆಸೆಗಳು ಹಾಗೇ ಇರುತ್ತವೆ.

ಮೊದಲ ದಿನ ಮೂವರು ಬಂದರು. ಅರಸ ಅತ್ತಿಂದಿತ್ತ ನಡೆಯುತ್ತಲೇ ಕೇಳಿದ: "ಊರೂರಿಗೆ ಬೇರೆ ಬೇರೆ ಬಟ್ಟೆ ಉಟ್ಟು ತಿರುಗುವ ಈ ಮಾತು ಹುಟ್ಟಿದ್ದು ಎಲ್ಲಿ?"

"ಇದು ನಮ್ಮ 'ಈಶ'ನೇ ಪ್ರಭು," ಎಂದರು ಸಂಸ್ಕೃತ ಪಂಡಿತರು. "ಭಾರ ಹೊರುವವರು ದೇವರನ್ನು ಕರೆಯುತ್ತಿದ್ದಾರೆ."

ಉತ್ತರದ ಕುದುರೆ ವ್ಯಾಪಾರಿ ನಕ್ಕ. "ನಮ್ಮ ಕಡೆ ಐಸಾ ಅಂದರೆ 'ಹೀಗೆ'. ಹೀಗೆ ಎತ್ತಿ ಅಂತ, ಅಷ್ಟೇ."

ಪೋರ್ಚುಗೀಸರ ಹಡಗಿನ ದುಭಾಷಿ ಇಬ್ಬರನ್ನೂ ತಳ್ಳಿ ಮುಂದೆ ಬಂದ. "ಹಾಯಿ ಮೇಲೆತ್ತಿ ಅನ್ನಲು ನಮ್ಮವರು 'ಇಸಾ' ಎನ್ನುತ್ತಾರೆ. ಮಾತು ನಮ್ಮದೇ."

"ನಿಮ್ಮಲ್ಲಿ ಯಾರಾದರೂ ಒಂದು ಮೂಟೆ ಎತ್ತಿದ್ದೀರಾ?" ಎಂದ ಅರಸ. ಮೂವರೂ ತಮ್ಮ ತಮ್ಮ ಅಂಗೈ ನೋಡಿಕೊಂಡರು. ಸೆರೆಮನೆಯಲ್ಲಿ ಮೂವರಿಗೂ ಒಂದೇ ಕೋಣೆ ಸಿಕ್ಕಿತು. ಅಲ್ಲೂ ಮಾತು ಯಾರದ್ದೆಂದು ಜಗಳಾಡಿ ಕಾವಲಿನವನ ನಿದ್ದೆ ಕೆಡಿಸಿದರಂತೆ.

ಹುಣ್ಣಿಮೆಗೆ ಎರಡು ದಿನ ಉಳಿದಾಗ ಸೂರನ ಮಗ ದುಗ್ಗ ಹೊರಟು ನಿಂತ. ಅವನೂ ಹಮಾಲನೇ. ತಾಯಿ ಅಕ್ಕು ಬಾಗಿಲಿಗೆ ಅಡ್ಡ ನಿಂತಳು. "ಹೋಗ್ಬೇಡ ಮಗಾ. ಆ ಕಲ್ಲು ಒಬ್ಬನನ್ನು ತಿಂದದ್ದು ಸಾಲದಾ?"

"ಅಪ್ಪನ ಹೆಸರಲ್ಲಿ ಒಂದು ಹಿಡಿ ಅನ್ನ ನೀರಿಗೆ ಬಿಡ್ಬೇಕಲ್ಲ ಅಬ್ಬೆ. ಕಲ್ಲು ಏಳದೆ ಅದು ಹೇಗೆ?" ಎಂದ ದುಗ್ಗ. ಅವಳು ಸರಿದು ದಾರಿ ಬಿಟ್ಟಳು.

ಬರಿಮೈಯಲ್ಲಿ ಬಂದವನನ್ನು ಕಂಡು ಸಭೆ ಮುಸಿಮುಸಿ ನಕ್ಕಿತು. ಅರಸ ಮೊದಲ ಒಗಟು ಕೇಳಿದ.

"ಭಾರದ ಅಡಿಯಲ್ಲಿ ಹುಟ್ಟಿದ್ದು ಒಡೆಯಾ," ಎಂದ ದುಗ್ಗ. "ಉಸಿರು ಕಟ್ಟಿ ಎತ್ತಿ, ಆ ಉಸಿರು ಬಿಡುವಾಗ ಬಾಯಿಂದ ತಾನಾಗಿ ಬರ್ತದೆ. ಉಸಿರಿಗೆ ಯಾವ ಊರು? ಕೇಳಿದವರು ತಮ್ಮ ತಮ್ಮ ಬಟ್ಟೆ ಉಡಿಸಿದರು. ಅವರು ಹೇಳಿದ ಅರ್ಥ ಯಾವುದೂ ಸುಳ್ಳಲ್ಲ. ಅದೆಲ್ಲ ಆಮೇಲಿಂದು."

ನಗು ನಿಂತಿತು. ಅರಸ ಎರಡನೆಯದನ್ನು ಕೇಳಿದ: "ಒಬ್ಬನ ಬಾಯಲ್ಲಿ ಎಂದೂ ಪೂರ್ತಿಯಾಗದ ಮಾತು ಇದು. ಉಳಿದರ್ಧ ಎಲ್ಲಿರುತ್ತದೆ?"

"ಹಗ್ಗ ಹಿಡಿದವರ ಹತ್ರ. ಕೂಗುವವ ಶುರು ಮಾಡಿ ಕಾಯ್ತಾನೆ. ಎಲ್ಲರ ಉಸಿರು ಕೂಡಿದ ಮೇಲೆ ಅವರು ಮುಗಿಸ್ತಾರೆ. ಆ ಕಾಯೋದು ಗೊತ್ತಿಲ್ಲದವ ಕೂಗಿದ್ರೆ..." ದುಗ್ಗ ಅಲ್ಲಿಗೇ ನಿಲ್ಲಿಸಿದ.

ಅರಸನ ನಡಿಗೆಯೂ ನಿಂತಿತು. ದನಿ ಸಣ್ಣದಾಗಿತ್ತು. "ಹಾಗಾದರೆ ಅದನ್ನು ಹೇಳುವ ಹಕ್ಕು ಯಾರಿಗೆ?"

"ನಾಡನ್ನಾಳುವವರಿಗೆ ಅನ್ನು ಹುಡುಗಾ, ಬದುಕಿಕೋ," ಎಂದು ಮಂತ್ರಿ ಪಿಸುಗುಟ್ಟಿದ. ದುಗ್ಗನಿಗೆ ಹೆದರಿಕೆಯಾಯಿತು. ಆದರೂ ಅರಸನ ಕಡೆಗೇ ತಿರುಗಿ ಹೇಳಿದ:

"ಕಲ್ಲು ಬಿದ್ರೆ ಮೊದಲು ಯಾರ ಮೇಲೆ ಬೀಳ್ತದೋ ಅವನಿಗೆ, ಒಡೆಯಾ. ನಮ್ಮಲ್ಲಿ ಕೂಗುವವ ಭಾರ ಮುಟ್ಟೋದಿಲ್ಲ. ಅದು ವಾಲುವ ಮಗ್ಗುಲಲ್ಲಿ ನಿಲ್ತಾನೆ. ತಪ್ಪು ಕೂಗಿದ್ರೆ ಅವನೇ ಸಾಯ್ತಾನೆ, ಅದಕ್ಕೇ ಅವನನ್ನು ನಂಬಿ ನಾವು ಎತ್ತೋದು. ಆ ದಿನ ಕೂಗುವವರು ಉಪ್ಪರಿಗೆ ಮೇಲಿದ್ರು. ಜಾಗ ಖಾಲಿ ಬಿಡಬಾರದು ಅಂತ ಅಪ್ಪ ಹೋಗಿ ನಿಂತ."

ಬಾಗಿಲಲ್ಲಿ ನಿಂತಿದ್ದ ತಲೆ ಕಡಿಯುವವನು ಅರಸನ ಮುಖ ನೋಡಿದ. ಅರಸ ಅವನಿಗೆ ಕೈಸನ್ನೆ ಮಾಡಿ ಹೊರಗೆ ಕಳಿಸಿದ.

"ಎರಡು ವರ್ಷದಿಂದ ಇದನ್ನು ಯಾರಾದರೂ ಹೇಳಲಿ ಎಂದು ಕಾದಿದ್ದೆ," ಎಂದ. "ಹೇಳಿದವನ ತಲೆ ತೆಗೆಸಬೇಕೆಂದೂ ಕಾದಿದ್ದೆ. ನಿನಗೇನು ಬೇಕು, ಕೇಳು."

"ಕಲ್ಲು ಎತ್ಬೇಕು. ಕೂಗು ನೀವೇ ಹಾಕ್ಬೇಕು. ನಿಲ್ಲೋ ಜಾಗ ನಾನು ತೋರಿಸ್ತೇನೆ."

ಅರಸ ಪಾದರಕ್ಷೆ ಬಿಟ್ಟು ಅಂಗಳಕ್ಕಿಳಿದು, ದುಗ್ಗ ತೋರಿಸಿದ ಮಗ್ಗುಲಲ್ಲಿ ನಿಂತ. ಅದನ್ನು ಕಂಡ ಹಮಾಲರು ಒಬ್ಬೊಬ್ಬರಾಗಿ ಬಂದು ಹಗ್ಗ ಹಿಡಿದರು. ಕೈ ಸಾಲದೆ ಸೆರೆಯಲ್ಲಿದ್ದ ಮೂವರನ್ನೂ ಬಿಟ್ಟು ಕರೆತಂದರು. ಅರಸ ಕೂಗು ಶುರು ಮಾಡಿ, ಕಾದ. ಬೆವರು ಕಣ್ಣಿಗಿಳಿದರೂ ಕಾದ. ಉಸಿರು ಕೂಡಿತು, ಕೂಗು ಮುಗಿಯಿತು, ಕಲ್ಲು ಎದ್ದಿತು. ಪಂಡಿತರು ಏನಂದರೋ, ದುಭಾಷಿ ಏನಂದನೋ, ಆ ಹೊತ್ತಿಗೆ ಯಾರೂ ಕೇಳಲಿಲ್ಲ.

ದುಗ್ಗನಿಗೆ ರೇವಿನ ಯಜಮಾನಿಕೆ ಸಿಕ್ಕಿತು. ಕಂಬವನ್ನು ನಿಲ್ಲಿಸಲೇ ಇಲ್ಲ. ಅದು ಈಗ ರೇವಿನ ದಡದಲ್ಲಿ ಹಮಾಲರು ಕೂತು ದಣಿವಾರಿಸಿಕೊಳ್ಳುವ ಕಲ್ಲಾಗಿದೆ, ಈ ಕತೆಯನ್ನು ಹೇಳುವವರೂ ಅಲ್ಲೇ ಕೂತು ಹೇಳುತ್ತಾರೆ.

ಸೂರನ ಹೆಸರಲ್ಲಿ ಅನ್ನ ನೀರಿಗೆ ಬಿಟ್ಟ ದಿನ, ಹಗ್ಗ ಹಿಡಿದವರಿಗೆಲ್ಲ ಅಕ್ಕುವಿನ ಅಂಗಳದಲ್ಲಿ ಎಲೆ ಹಾಕಿದ್ದರು. ಕೂಗಿದವನು ಕೊನೆಗೆ ಉಣ್ಣುವುದು ಹಮಾಲರ ಪದ್ಧತಿ, ಹಾಗಾಗಿ ಅರಸ ಸಾಲಿನ ತುದಿಯಲ್ಲಿ ಕೂತ. ಅವನ ಎಲೆಯ ಮುಂದೆ ಅಕ್ಕು ಅನ್ನದ ಪಾತ್ರೆ ಹಿಡಿದು ತುಸು ಹೊತ್ತು ನಿಂತಳು. ಆಮೇಲೆ ಬಡಿಸಿದಳು. ಅರಸ ನಡುವೆ ಏಳದೆ ಉಂಡ.